ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್: ಕೆಟ್ಟ ಪಾರ್ಟಿಷನ್‌ಗಳಿಂದ ಕಡತಗಳನ್ನು ಹೊರತೆಗೆಯುವ ಕೆಲಸದಲ್ಲಿ

ಈ ಡ್ರೈವನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆ ವಿಂಡೋಸ್ ಪರದೆಯ ಮೇಲೆ ಬಂದಾಗ, ಒಳಗಿದ್ದ ಕಡತಗಳೆಲ್ಲ ಹೋದವೆಂದೇ ಹೆಚ್ಚಿನವರು ತಿಳಿಯುತ್ತಾರೆ. ಆ ಸೂಚನೆಯ ಅರ್ಥ ಅಷ್ಟು ದೊಡ್ಡದಲ್ಲ. ಪಾರ್ಟಿಷನ್‌ನ, ಅಂದರೆ ಡಿಸ್ಕನ್ನು ಪಾಲು ಮಾಡಿದ ಒಂದು ಭಾಗದ, ಆರಂಭವನ್ನು ಓದಿದ ವಿಂಡೋಸಿಗೆ ಅಲ್ಲಿ ತನಗೆ ಪರಿಚಯವಿರುವ ಕಡತ ವ್ಯವಸ್ಥೆಯ ಗುರುತು ಸಿಗಲಿಲ್ಲ. ಸಿಗದ ಕಾರಣ ಅದನ್ನು 'ರಾ' ಎಂದು ಕರೆದು, ಹೊಸದಾಗಿ ಫಾರ್ಮ್ಯಾಟ್ ಮಾಡಲು ಅನುಮತಿ ಕೇಳುತ್ತಿದೆ, ಅಷ್ಟೇ. ಆ ಗುಂಡಿಯನ್ನು ಒತ್ತದೆ ಚೌಕವನ್ನು ಮುಚ್ಚಿದವರಿಗೆ ಮುಂದೆ ಏನು ಮಾಡಲು ಸಾಧ್ಯ ಎಂಬುದನ್ನು ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶವನ್ನೂ ಅದರ ಜೊತೆಗೇ ಬರುವ ಫೋಟೋರೆಕ್ ಅನ್ನೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ 1 ಟಿಬಿ ಬಾಹ್ಯ ಹಾರ್ಡ್ ಡಿಸ್ಕಿನಲ್ಲಿ ಎನ್‌ಟಿಎಫ್‌ಎಸ್ ಎಂಬ, ವಿಂಡೋಸ್ ಬಳಸುವ ಕಡತ ವ್ಯವಸ್ಥೆಯ ಎರಡು ಪಾರ್ಟಿಷನ್‌ಗಳಿದ್ದವು. ಕಡತಗಳು ನಕಲಾಗುತ್ತಿರುವಾಗಲೇ ಯುಎಸ್‌ಬಿ ಕೇಬಲ್ ಸಡಿಲಗೊಂಡು ಕಳಚಿತು, ಮತ್ತೆ ಜೋಡಿಸಿದಾಗ ಮೊದಲ ಪಾರ್ಟಿಷನ್ 'ರಾ' ಆಗಿತ್ತು. ಇಷ್ಟಕ್ಕೇ ನಿಲ್ಲಬಹುದಾಗಿದ್ದ ಹಾನಿಯನ್ನು ಹೆಚ್ಚಿಸಿದವನು ನಾನೇ: ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಗಾಬರಿಯಲ್ಲಿ ತಪ್ಪು ಸಾಲನ್ನು ಆರಿಸಿ, ಸರಿಯಾಗಿದ್ದ ಎರಡನೆಯ ಪಾರ್ಟಿಷನ್ ಅನ್ನು ಅಳಿಸಿಬಿಟ್ಟೆ. ಹೀಗಾಗಿ ಒಂದೇ ಡಿಸ್ಕಿನಲ್ಲಿ ಎರಡು ಬಗೆಯ ಹಾನಿ ಒಟ್ಟಿಗೆ ಇತ್ತು. ಒಂದು ಪಾರ್ಟಿಷನ್‌ನ ಗಡಿ ಸರಿಯಿದ್ದು ಒಳಗಿನ ಬೂಟ್ ಸೆಕ್ಟರ್, ಅಂದರೆ ಕಡತ ವ್ಯವಸ್ಥೆಯ ಗುರುತಿರುವ ಅದರ ಆರಂಭದ ತುಣುಕು, ಕೆಟ್ಟಿತ್ತು. ಇನ್ನೊಂದರ ಒಳಗೆಲ್ಲ ಸರಿಯಿದ್ದು ಗಡಿಯ ದಾಖಲೆಯೇ ಇಲ್ಲವಾಗಿತ್ತು. ತಂತ್ರಾಂಶವೊಂದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವನ್ನು ಬೇಕೆಂದು ಹುಡುಕಿದರೂ ಒದಗಿಸಿಕೊಳ್ಳುವುದು ಕಷ್ಟ.

ಟೆಸ್ಟ್‌ಡಿಸ್ಕ್ ಹೊಸದೇನಲ್ಲ. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ 1998ರಲ್ಲಿ ಬರೆಯಲು ಆರಂಭಿಸಿ ಇಂದಿಗೂ ನಡೆಸಿಕೊಂಡು ಬಂದಿರುವ ತಂತ್ರಾಂಶ ಇದು. ಜಿಪಿಎಲ್ ಪರವಾನಗಿಯಡಿ ಮೂಲ ಸಂಕೇತದ ಸಮೇತ ಉಚಿತವಾಗಿ ದೊರೆಯುತ್ತದೆ. ನಾನು ಬಳಸಿದ್ದು 2024ರಲ್ಲಿ ಬಿಡುಗಡೆಯಾದ 7.2 ಆವೃತ್ತಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ವಿಂಡೋಸಿನಲ್ಲಿ ಇನ್‌ಸ್ಟಾಲ್ ಮಾಡುವ ಗೊಡವೆಯೂ ಇಲ್ಲ, ಜಿಪ್ ಕಡತವನ್ನು ಬಿಚ್ಚಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಸಾಕು. ಇನ್‌ಸ್ಟಾಲ್ ಇಲ್ಲದಿರುವುದು ಇಲ್ಲಿ ಕೇವಲ ಅನುಕೂಲದ ಮಾತಲ್ಲ. ಕಳೆದುಹೋದ ಕಡತಗಳಿರುವ ಡಿಸ್ಕಿನ ಮೇಲೆಯೇ ಮರುಪಡೆಯುವ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿ, ಅದರಿಂದಲೇ ಆ ಕಡತಗಳ ಮೇಲೆ ಹೊಸ ಬರಹ ಬೀಳುವಂತೆ ಮಾಡಿಕೊಳ್ಳುವವರು ಕಡಿಮೆಯಿಲ್ಲ.

ಈ ತಂತ್ರಾಂಶ ಮಾಡುವ ಕೆಲಸವನ್ನು ಅರಿಯಲು ಡಿಸ್ಕಿನ ಆರಂಭದಲ್ಲಿ ಏನಿದೆ ಎಂಬುದನ್ನು ಸ್ವಲ್ಪ ತಿಳಿದಿರಬೇಕು. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ಮೊಟ್ಟಮೊದಲ ಸೆಕ್ಟರ್, ಅಂದರೆ ಮೊದಲ 512 ಬೈಟ್‌ಗಳು, ಇಡೀ ಡಿಸ್ಕಿನ ವಿಂಗಡಣೆಯನ್ನು ಹೇಳುತ್ತವೆ. ಅದರಲ್ಲಿ 446 ಬೈಟ್‌ಗಳ ನಂತರ ತಲಾ 16 ಬೈಟ್‌ಗಳ ನಾಲ್ಕು ನಮೂದುಗಳು, ಕೊನೆಗೆ ಎರಡು ಬೈಟ್‌ಗಳ ಸಹಿ. ಪ್ರತಿ ನಮೂದು ಒಂದು ಪಾರ್ಟಿಷನ್ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದವಿದೆ, ಯಾವ ಬಗೆಯದು ಎಂಬುದನ್ನು ಹೇಳುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನಾನು ಅಳಿಸಿದ್ದು ಮುಖ್ಯವಾಗಿ ಆ 16 ಬೈಟ್‌ಗಳನ್ನು. ಅವುಗಳ ಹಿಂದಿದ್ದ ನೂರಾರು ಗಿಗಾಬೈಟ್ ಇದ್ದಲ್ಲೇ ಇತ್ತು. ಹೊಸ ಜಿಪಿಟಿ ಪದ್ಧತಿ ಇದಕ್ಕಿಂತ ಜಾಗರೂಕವಾದದ್ದು: ಪಾರ್ಟಿಷನ್ ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲೂ ಇನ್ನೊಂದು ಪ್ರತಿ ಅಂತ್ಯದಲ್ಲೂ ಇರುತ್ತದೆ, ಎರಡಕ್ಕೂ ಸಿಆರ್‌ಸಿ ಎಂಬ ತಾಳೆಸಂಖ್ಯೆಯ ಕಾವಲಿರುತ್ತದೆ. ಆದ್ದರಿಂದ ಜಿಪಿಟಿಯ ಮುಂದಿನ ಪ್ರತಿ ಮಾತ್ರ ಕೆಟ್ಟಿದ್ದರೆ ಹಿಂದಿನ ಪ್ರತಿಯಿಂದಲೇ ಕೆಲಸ ಮುಗಿಯಬಹುದು.

ಪಾರ್ಟಿಷನ್‌ಗಳ ಒಳಗೂ ಇಂಥದೇ ಮುನ್ನೆಚ್ಚರಿಕೆ ಇದೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ನಕಲನ್ನು ಪಾರ್ಟಿಷನ್‌ನ ಕೊನೆಯ ಸೆಕ್ಟರಿನಲ್ಲಿ ಇಡುತ್ತದೆ, ಫ್ಯಾಟ್ 32 ಎಂಬ ಇನ್ನೊಂದು ಕಡತ ವ್ಯವಸ್ಥೆ ಸಾಮಾನ್ಯವಾಗಿ 6ನೆಯ ಸೆಕ್ಟರಿನಲ್ಲಿ. ಲಿನಕ್ಸಿನ ಎಕ್ಸ್ಟ್ 4 ತನ್ನ ಮುಖ್ಯ ವಿವರಗಳಿರುವ ಸೂಪರ್‌ಬ್ಲಾಕಿನ ನಕಲುಗಳನ್ನು ಪಾರ್ಟಿಷನ್‌ನ ಉದ್ದಕ್ಕೂ ಅಲ್ಲಲ್ಲಿ ಹರಡಿರುತ್ತದೆ. ಟೆಸ್ಟ್‌ಡಿಸ್ಕ್ ಮಾಡುವುದೇನೆಂದರೆ, ಪಾರ್ಟಿಷನ್ ಪಟ್ಟಿ ಹೇಳುವುದನ್ನು ನಂಬದೆ, ಡಿಸ್ಕನ್ನು ತಾನೇ ಓದುತ್ತಾ ಹೋಗಿ ಈ ಗುರುತುಗಳು ಎಲ್ಲೆಲ್ಲಿ ಸಿಗುತ್ತವೆ ಎಂದು ನೋಡಿ, ಅವುಗಳಿಂದ ಹಳೆಯ ಗಡಿಗಳನ್ನು ಲೆಕ್ಕ ಹಾಕುವುದು. ಕಲ್ಲುಗಳನ್ನು ನೋಡಿ ಹೊಲದ ಬದುವನ್ನು ಗುರುತಿಸುವ ಮೋಜಣಿದಾರನ ಕೆಲಸ ಇದು. ಬೆಳೆಯನ್ನು ಅದು ಮುಟ್ಟುವುದಿಲ್ಲ. ಈ ವ್ಯತ್ಯಾಸ ತಿಳಿಯದೆ, ಕಡತಗಳ ಮೇಲೆ ಬೇರೆ ಬರಹ ಬಿದ್ದಿರುವ ಡಿಸ್ಕನ್ನು ಇದರ ಮುಂದೆ ಇಟ್ಟು, ಏನೂ ಸಿಗಲಿಲ್ಲವೆಂದು ದೂರುವುದು ನ್ಯಾಯವಲ್ಲ.

ತಂತ್ರಾಂಶವನ್ನು ತೆರೆಯುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ಟೆಸ್ಟ್‌ಡಿಸ್ಕ್ ತಾನಾಗಿ ನೆನಪಿಸುವುದಿಲ್ಲ. ಡಿಸ್ಕ್ ಯಾಂತ್ರಿಕವಾಗಿ ಆರೋಗ್ಯವಾಗಿದೆಯೇ ಎಂದು ನೋಡಬೇಕು. ಸ್ಮಾರ್ಟ್ ಎಂದು ಕರೆಯಲಾಗುವ ಡಿಸ್ಕಿನ ಆಂತರಿಕ ದಾಖಲೆಯನ್ನು ಸ್ಮಾರ್ಟ್‌ಸಿಟಿಎಲ್ ಎಂಬ ಆದೇಶದಿಂದ ಓದಿದಾಗ ಮೂರು ಸಾಲುಗಳು ಮುಖ್ಯ: 5ನೆಯ ಸಂಖ್ಯೆಯ ಸಾಲು ಈಗಾಗಲೇ ಬದಲಿ ಜಾಗಕ್ಕೆ ಸೇರಿಸಿದ ಸೆಕ್ಟರ್‌ಗಳನ್ನೂ, 197 ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರ್‌ಗಳನ್ನೂ, 198 ಸರಿಪಡಿಸಲಾಗದವನ್ನೂ ಹೇಳುತ್ತದೆ. ನನ್ನ ಡಿಸ್ಕಿನಲ್ಲಿ 197ನೆಯ ಸಾಲು ಸೊನ್ನೆಯಾಗಿರಲಿಲ್ಲ. ಅಂದರೆ ಕೇಬಲ್ ಕಳಚಿದ್ದೊಂದೇ ಕಾರಣವಾಗಿರಲಾರದು, ಡಿಸ್ಕಿಗೆ ವಯಸ್ಸಾಗಿತ್ತು. ಇಂಥ ಡಿಸ್ಕಿನ ಮೇಲೆ ಯಾವ ಶೋಧ ನಡೆಸಿದರೂ ಅದೇ ಕೆಟ್ಟ ಜಾಗದ ಮೇಲೆ ಡಿಸ್ಕಿನ ಓದುವ ಹೆಡ್ ಮತ್ತೆ ಮತ್ತೆ ತಡಕಾಡುತ್ತದೆ, ಒಂದೊಂದು ಶೋಧವೂ ಡಿಸ್ಕಿನ ಉಳಿದ ಆಯುಷ್ಯವನ್ನು ತಿನ್ನುತ್ತದೆ.

ಆದ್ದರಿಂದ ಇಡೀ ಡಿಸ್ಕಿನ ಪ್ರತಿಬಿಂಬವನ್ನು, ಅಂದರೆ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗಿನ ನಕಲನ್ನು, ಬೇರೊಂದು ದೊಡ್ಡ ಡಿಸ್ಕಿನಲ್ಲಿ ಒಂದು ಕಡತವಾಗಿ ಇಳಿಸಿಕೊಂಡೆ. ಟೆಸ್ಟ್‌ಡಿಸ್ಕಿನ 'ಅಡ್ವಾನ್ಸ್ಡ್' ವಿಭಾಗದಲ್ಲಿ ಇಮೇಜ್ ಸೃಷ್ಟಿಸುವ ಸೌಲಭ್ಯವಿದೆ, ಆರೋಗ್ಯವಂತ ಡಿಸ್ಕಿಗೆ ಅದು ಸಾಕು. ಓದಲಾಗದ ಸೆಕ್ಟರ್‌ಗಳಿರುವ ಡಿಸ್ಕಿಗೆ ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದ ಜಿಎನ್‌ಯು ಡಿಡಿರೆಸ್ಕ್ಯೂ ಬೇಕು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನೆಲ್ಲ ನಕಲಿಸಿಕೊಂಡು, ತೊಡಕಿನ ಜಾಗಗಳನ್ನು ಹಾರಿಹೋಗಿ, ಕೊನೆಗೆ ಅವುಗಳ ಅಂಚುಗಳನ್ನು ಕೆರೆದು ಕೆರೆದು ಸಿಕ್ಕಷ್ಟನ್ನು ತೆಗೆಯುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ಮಧ್ಯೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು. ಟೆಸ್ಟ್‌ಡಿಸ್ಕ್, ಫೋಟೋರೆಕ್, ಡಿಡಿರೆಸ್ಕ್ಯೂ, ಸ್ಮಾರ್ಟ್‌ಸಿಟಿಎಲ್ ಎಲ್ಲವೂ ಸಿಸ್ಟಂರೆಸ್ಕ್ಯೂ ಎಂಬ ಲೈವ್ ಲಿನಕ್ಸ್‌ನಲ್ಲಿ ಸಿದ್ಧವಾಗಿರುವುದರಿಂದ ನಾನು ಪೆನ್ ಡ್ರೈವಿನಿಂದ ಅದನ್ನೇ ಬೂಟ್ ಮಾಡಿಕೊಂಡೆ. ಲಿನಕ್ಸ್ ತಿಳಿಯದವರಿಗೆ ಈ ಹಂತ ಬೆದರಿಕೆ ಹುಟ್ಟಿಸುವುದು ಸಹಜ, ಅದರಲ್ಲೂ ಮೂಲ ಡಿಸ್ಕ್ ಯಾವುದು, ಗುರಿ ಯಾವುದು ಎಂಬುದನ್ನು ಅದಲುಬದಲು ಮಾಡಿದರೆ ಎಲ್ಲವೂ ಮುಗಿದಂತೆಯೇ. ಎರಡೂ ಹೆಸರುಗಳನ್ನು ಕಾಗದದ ಮೇಲೆ ಬರೆದು, ಗಾತ್ರವನ್ನು ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿದೆ.

ಟೆಸ್ಟ್‌ಡಿಸ್ಕಿಗೆ ಆ ಇಮೇಜ್ ಕಡತದ ಹೆಸರನ್ನು ಕೊಟ್ಟರೆ ಅದನ್ನೇ ಡಿಸ್ಕ್ ಎಂದು ತಿಳಿದು ಕೆಲಸ ಮಾಡುತ್ತದೆ. ಈ ತಂತ್ರಾಂಶದ ಅತ್ಯುತ್ತಮ ಗುಣ ಇದೇ ಎಂದು ನನಗನಿಸುತ್ತದೆ, ಏಕೆಂದರೆ ಅದರ ದೊಡ್ಡ ದೌರ್ಬಲ್ಯಕ್ಕೆ ಪರಿಹಾರವೂ ಇಲ್ಲೇ ಇದೆ. ದೌರ್ಬಲ್ಯ ಯಾವುದೆಂದರೆ, ಓದುವ ಆಜ್ಞೆಗಳೂ ಬರೆಯುವ ಆಜ್ಞೆಗಳೂ ಅದರ ಮೆನುವಿನಲ್ಲಿ ಒಂದೇ ಬಣ್ಣದಲ್ಲಿ, ಒಂದೇ ಸಾಲಿನಲ್ಲಿ, ಒಂದರ ಪಕ್ಕ ಒಂದು ಕುಳಿತಿರುತ್ತವೆ. ಕಪ್ಪು ಪರದೆ, ಬಿಳಿ ಅಕ್ಷರ, ಬಾಣದ ಕೀಲಿಗಳು, ಮೌಸ್ ಇಲ್ಲ. 'ಅನಲೈಸ್' ಮತ್ತು 'ಡಿಲೀಟ್' ನಡುವಿನ ಅಂತರ ಕೆಳಮುಖ ಬಾಣದ ಕೆಲವು ಒತ್ತುಗಳಷ್ಟೇ, ಆ 'ಡಿಲೀಟ್' ಎಂಬುದು ಪಾರ್ಟಿಷನ್ ಪಟ್ಟಿಯಲ್ಲಿರುವುದೆಲ್ಲವನ್ನೂ ಅಳಿಸುವ ಆಜ್ಞೆ. ದೃಢೀಕರಣ ಕೇಳುತ್ತದೆ, ನಿಜ. ಆದರೂ ಆತಂಕದಲ್ಲಿರುವವರ ಕೈಗೆ ಕೊಡುವ ಸಲಕರಣೆಯ ವಿನ್ಯಾಸ ಹೀಗಿರಬಾರದಿತ್ತು. ನಕಲಿನ ಮೇಲೆ ಕೆಲಸ ಮಾಡುವವರಿಗೆ ಮಾತ್ರ ಈ ಆತಂಕವಿಲ್ಲ: ಇಮೇಜನ್ನು ಕೆಡಿಸಿದರೆ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು.

ಆರಂಭದಲ್ಲಿ ಲಾಗ್ ಕಡತ ಬೇಕೇ ಎಂದು ಕೇಳುತ್ತದೆ. ಬೇಕು ಎಂದೇ ಹೇಳಬೇಕು. ನಂತರ ಡಿಸ್ಕುಗಳ ಪಟ್ಟಿ. ಇಲ್ಲಿ ತೋರಿಸುವ ಗಾತ್ರವನ್ನು ಡಿಸ್ಕಿನ ಮೇಲೆ ಅಂಟಿಸಿರುವ ಗಾತ್ರದೊಡನೆ ಹೋಲಿಸದೆ ಮುಂದೆ ಹೋಗಬಾರದು, ಏಕೆಂದರೆ 1 ಟಿಬಿ ಡಿಸ್ಕ್ ಕೆಲವೇ ಗಿಗಾಬೈಟ್ ಎಂದು ಕಾಣಿಸಿಕೊಂಡರೆ ದೋಷವಿರುವುದು ಪಾರ್ಟಿಷನ್‌ನಲ್ಲಲ್ಲ, ಅದಕ್ಕೂ ಕೆಳಗೆ. ಆಮೇಲೆ ಪಾರ್ಟಿಷನ್ ಪಟ್ಟಿಯ ಬಗೆಯನ್ನು ಕೇಳುತ್ತದೆ: ಇಂಟೆಲ್, ಇಎಫ್‌ಐ ಜಿಪಿಟಿ, ಮ್ಯಾಕ್, ನನ್ ಇತ್ಯಾದಿ. ಪ್ರೊಸೆಸರ್ ಎಎಂಡಿಯದಾಗಿದ್ದರೆ ಇಂಟೆಲ್ ಎಂಬುದನ್ನು ಆರಿಸಬಹುದೇ ಎಂಬ ಗೊಂದಲ ಇಲ್ಲಿ ಹೊಸಬರಿಗೆ ಬಂದೇ ಬರುತ್ತದೆ. ಇಂಟೆಲ್ ಎಂದರೆ ಇಲ್ಲಿ ಎಂಬಿಆರ್ ಪದ್ಧತಿ ಎಂದಷ್ಟೇ ಅರ್ಥ, ಪ್ರೊಸೆಸರಿಗೂ ಅದಕ್ಕೂ ಸಂಬಂಧವಿಲ್ಲ. ತಂತ್ರಾಂಶ ತಾನೇ ಊಹಿಸಿ ಒಂದನ್ನು ಸೂಚಿಸುತ್ತದೆ. ಆ ಊಹೆ ಬಹುತೇಕ ಸರಿಯಾಗಿರುತ್ತದೆ.

'ಕ್ವಿಕ್ ಸರ್ಚ್' ನನ್ನ ಎರಡೂ ಪಾರ್ಟಿಷನ್‌ಗಳನ್ನು ಕಂಡುಹಿಡಿಯಿತು. ಅಳಿಸಿಹೋಗಿದ್ದ ಎರಡನೆಯದು ಹೆಸರಿನ ಸಮೇತ ಪಟ್ಟಿಯಲ್ಲಿ ಬಂತು. ಆ ಸಾಲಿನ ಮೇಲೆ ನಿಂತು 'ಪಿ' ಕೀಲಿಯನ್ನು ಒತ್ತಿದಾಗ ಒಳಗಿನ ಫೋಲ್ಡರ್‌ಗಳು, ಕಡತಗಳು, ದಿನಾಂಕಗಳು, ಗಾತ್ರಗಳು ಇದ್ದಂತೆಯೇ ಪರದೆಯ ಮೇಲೆ ಹರಡಿಕೊಂಡವು. ಪಾರ್ಟಿಷನ್ ಪಟ್ಟಿಯ ಮಟ್ಟಿಗೆ ಅಸ್ತಿತ್ವದಲ್ಲೇ ಇಲ್ಲದ ಒಂದು ಜಾಗದ ಒಳಗನ್ನು, ಡಿಸ್ಕಿನ ಮೇಲೆ ಒಂದು ಬೈಟನ್ನೂ ಬರೆಯದೆ, ಹೀಗೆ ತೋರಿಸಲು ಸಾಧ್ಯವಿರುವುದೇ ಟೆಸ್ಟ್‌ಡಿಸ್ಕಿನ ಜೀವಾಳ. ಅನೇಕ ಮಾರ್ಗದರ್ಶಿಗಳು 'ರೈಟ್' (ಬರೆ) ಒತ್ತಿ ಪಾರ್ಟಿಷನ್ ಅನ್ನು ಮರಳಿ ಪಡೆಯುವುದನ್ನೇ ಇದರ ಮುಖ್ಯ ಕೆಲಸವೆಂಬಂತೆ ಹೇಳಿಕೊಡುತ್ತವೆ. ನನ್ನ ದೃಷ್ಟಿಯಲ್ಲಿ ಮುಖ್ಯ ಕೆಲಸ ಈ 'ಪಿ' ಕೀಲಿ. ಅಲ್ಲಿಂದಲೇ 'ಎ' ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡ 'ಸಿ' ಒತ್ತಿ ಆರಿಸಿದ್ದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲಿಸಬಹುದು. ಸಣ್ಣ 'ಸಿ' ಒತ್ತಿದರೆ ಬೆಳಕಿನ ಪಟ್ಟಿ ನಿಂತಿರುವ ಒಂದೇ ಕಡತ ನಕಲಾಗುತ್ತದೆ. ದೊಡ್ಡದು ಸಣ್ಣದು ಎಂಬ ಈ ಸೂಕ್ಷ್ಮ ಗೊತ್ತಿಲ್ಲದೆ ಒಂದೇ ಕಡತವನ್ನು ನಕಲಿಸಿ ಎಲ್ಲವೂ ಬಂತೆಂದು ತೃಪ್ತರಾಗುವ ಅಪಾಯವಿದೆ. ನಕಲು ಮುಗಿದ ನಂತರ ಎಷ್ಟು ಯಶಸ್ವಿಯಾಯಿತು, ಎಷ್ಟು ವಿಫಲವಾಯಿತು ಎಂಬ ಸಂಖ್ಯೆಗಳನ್ನು ತೋರಿಸುತ್ತದೆ, ಅದನ್ನು ನೋಡದೆ ಪರದೆಯನ್ನು ಮುಚ್ಚಬಾರದು.

'ಡೀಪರ್ ಸರ್ಚ್' ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉದಾರವಾದದ್ದಲ್ಲ. ಕುತೂಹಲಕ್ಕಾಗಿ ನಡೆಸಿ ನೋಡಿದೆ. ಡಿಸ್ಕಿನ ಇತಿಹಾಸದಲ್ಲಿ ಎಂದೋ ಇದ್ದು, ಎಂದೋ ಅಳಿದ ಪಾರ್ಟಿಷನ್‌ಗಳ ಪಳೆಯುಳಿಕೆಗಳೂ ಅದರ ಕಣ್ಣಿಗೆ ಬೀಳುತ್ತವೆ. ಒಂದರ ಮೇಲೆ ಒಂದು ಚಾಚಿಕೊಂಡಿರುವ ಸಾಲುಗಳು, ಗಡಿಗಳು ಡಿಸ್ಕಿನ ಅಂತ್ಯವನ್ನೂ ಮೀರಿದ ಸಾಲುಗಳು, ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ, ಅವುಗಳಲ್ಲಿ ನಿಜವಾದವು ಯಾವುವು ಎಂದು ಆರಿಸುವ ಹೊಣೆ ಬಳಸುವವರದು. ಪ್ರತಿ ಸಾಲಿನ ಮೇಲೂ 'ಪಿ' ಒತ್ತಿ, ಕಡತಗಳು ಕಾಣುವುದನ್ನು ಇಟ್ಟುಕೊಂಡು, ಉಳಿದವನ್ನು 'ಡಿ', ಅಂದರೆ ಅಳಿಸಿದ್ದು, ಎಂದು ಗುರುತಿಸುತ್ತಾ ಹೋಗುವುದೊಂದೇ ದಾರಿ. 'ಕ್ವಿಕ್ ಸರ್ಚ್'ನಲ್ಲಿ ಬೇಕಾದದ್ದು ಸಿಕ್ಕಿದವರು ಇಲ್ಲಿಗೆ ಕಾಲಿಡದಿರುವುದೇ ಒಳ್ಳೆಯದು.

ಮೊದಲ ಪಾರ್ಟಿಷನ್‌ನ ಕಥೆ ಬೇರೆ. ಬೂಟ್ ಸೆಕ್ಟರಿನ ನಕಲಿನ ಆಧಾರದಿಂದ ಅದನ್ನು ಗುರುತಿಸಿದ್ದಾಗಿ ಟೆಸ್ಟ್‌ಡಿಸ್ಕ್ ಹೇಳಿತಾದರೂ ಒಳಗಿನ ಪಟ್ಟಿಯನ್ನು ತೋರಿಸಲು ಆಗಲಿಲ್ಲ. ಕಡತ ವ್ಯವಸ್ಥೆ ಹಾಳಾದಂತಿದೆ ಎಂಬ ಸಂದೇಶ ಬಂತು. ಇಂಥಲ್ಲಿ 'ಅಡ್ವಾನ್ಸ್ಡ್' ವಿಭಾಗದ 'ಬೂಟ್' ಆಯ್ಕೆಗೆ ಹೋಗಬೇಕು. ಅಲ್ಲಿ ಮೂಲ ಬೂಟ್ ಸೆಕ್ಟರ್ 'ಬ್ಯಾಡ್', ನಕಲು 'ಓಕೆ' ಎಂದು ಬರೆದಿತ್ತು. 'ಬ್ಯಾಕಪ್ ಬಿಎಸ್' ಒತ್ತಿ ದೃಢೀಕರಿಸಿದಾಗ ನಕಲು ಮೂಲದ ಜಾಗಕ್ಕೆ ಬಂದು ಕುಳಿತಿತು, ಫೋಲ್ಡರ್‌ಗಳು ಕಾಣಿಸಿಕೊಂಡವು. ಎಲ್ಲವೂ ಸೇರಿ ಒಂದು ನಿಮಿಷದ ಕೆಲಸ.

ಆ ಒಂದು ನಿಮಿಷದ ಬಗ್ಗೆ ಒಂದು ಆಕ್ಷೇಪವಿದೆ. 'ಬ್ಯಾಕಪ್ ಬಿಎಸ್' ಎಂಬ ಹೆಸರನ್ನು ಓದಿದವರಿಗೆ ಅದು ಬೂಟ್ ಸೆಕ್ಟರಿನ ಬ್ಯಾಕಪ್ ತೆಗೆದುಕೊಳ್ಳುವ ಆಜ್ಞೆ ಎನಿಸುವುದೇ ಸಹಜ. ನಿಜದಲ್ಲಿ ಅದು ಬ್ಯಾಕಪ್ ಅನ್ನು ಮೂಲದ ಮೇಲೆ ಬರೆಯುವ ಆಜ್ಞೆ. ಸನ್ನಿವೇಶ ತಿರುಗುಮುರುಗಾಗಿದ್ದಾಗ ಕಾಣಿಸುವ 'ಆರ್ಗ್ ಬಿಎಸ್' ಎಂಬುದು ಮೂಲವನ್ನು ಬ್ಯಾಕಪ್‌ನ ಮೇಲೆ ಬರೆಯುತ್ತದೆ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದು ಇನ್ನೊಂದು ಸರಿಯಿರುವಾಗ, ಯಾವುದರ ಮೇಲೆ ಯಾವುದು ಬರೆಯಲ್ಪಡುತ್ತದೆ ಎಂಬುದನ್ನು ಹೆಸರಿನಲ್ಲೇ ಬಿಡಿಸಿ ಹೇಳಲು ಎರಡು ಪದ ಹೆಚ್ಚು ಖರ್ಚಾಗುತ್ತಿತ್ತು, ಅಷ್ಟೇ. ಪರದೆಯ ಕೆಳಗಿನ ಒಂದು ಸಾಲು ಇದನ್ನು ವಿವರಿಸುತ್ತದೆ, ಕಣ್ಣು ಅಲ್ಲಿಗೆ ಹೋದರೆ.

ಬೂಟ್ ಸೆಕ್ಟರಿನ ಎರಡೂ ಪ್ರತಿಗಳು ಕೆಟ್ಟಿದ್ದರೆ 'ರೀಬಿಲ್ಡ್ ಬಿಎಸ್' ಇದೆ. ಅದು ಪಾರ್ಟಿಷನ್ ಒಳಗಿನ ರಚನೆಯಿಂದ ಹೊಸ ಬೂಟ್ ಸೆಕ್ಟರನ್ನು ಲೆಕ್ಕ ಹಾಕಿ, ಬರೆಯುವ ಮೊದಲು ಅದರಂತೆ ಕಡತಗಳು ಕಾಣುತ್ತವೆಯೇ ಎಂದು ನೋಡಲು ಅವಕಾಶ ಕೊಡುತ್ತದೆ. 'ರಿಪೇರ್ ಎಂಎಫ್‌ಟಿ' ಎಂಬುದು ಎನ್‌ಟಿಎಫ್‌ಎಸ್‌ನ ಮುಖ್ಯ ಕಡತಪಟ್ಟಿಯನ್ನು ಅದರ ಕನ್ನಡಿ ಪ್ರತಿಯೊಡನೆ ಹೋಲಿಸಿ ದುರಸ್ತಿ ಮಾಡುವ ಆಯ್ಕೆ. ಆ ಕನ್ನಡಿ ಪ್ರತಿಯಲ್ಲಿರುವುದು ಪಟ್ಟಿಯ ಮೊದಲ ಕೆಲವು ದಾಖಲೆಗಳು ಮಾತ್ರವಾದ್ದರಿಂದ ಇದರಿಂದ ಇಡೀ ಪಟ್ಟಿ ಮರಳುತ್ತದೆಂದು ನಿರೀಕ್ಷಿಸಬಾರದು. ಈ ಹಂತದಲ್ಲಿ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ನೋಡೋಣ ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಚೆಕ್‌ಡಿಸ್ಕಿನ ಗುರಿ ಕಡತ ವ್ಯವಸ್ಥೆಯನ್ನು ಸುಸಂಗತಗೊಳಿಸುವುದು, ಕಡತಗಳನ್ನು ಉಳಿಸುವುದಲ್ಲ. ಹೊಂದಿಕೆಯಾಗದ ನಮೂದುಗಳನ್ನು ಅದು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕುತ್ತದೆ. ಕಡತಗಳನ್ನು ಬೇರೆಡೆಗೆ ನಕಲಿಸಿಕೊಂಡ ನಂತರ ಅದನ್ನು ಬೇಕಾದಷ್ಟು ಸಲ ಓಡಿಸಲಿ.

ಎರಡೂ ಪಾರ್ಟಿಷನ್‌ಗಳ ಕಡತಗಳು ಹೀಗೆ ಸುರಕ್ಷಿತ ಜಾಗ ಸೇರಿದ ಮೇಲೆಯೇ ನಾನು 'ರೈಟ್' ಒತ್ತಿದ್ದು, ಅದೂ ಇಮೇಜಿನ ಮೇಲೆ, ಪರೀಕ್ಷೆಗಾಗಿ. ಪಟ್ಟಿ ಸರಿಯಾಗಿ ಬರೆಯಲ್ಪಟ್ಟಿತು. ಮೂಲ ಡಿಸ್ಕಿನ ಮೇಲೆ ಬರೆದಿದ್ದರೂ ಫಲಿತಾಂಶ ಇದೇ ಆಗಿರುತ್ತಿತ್ತೇನೋ. ಸಾಯುತ್ತಿರುವ ಡಿಸ್ಕನ್ನು ಮತ್ತೆ ಬಳಸುವ ಉದ್ದೇಶವಿಲ್ಲದಿದ್ದಾಗ ಆ ಪ್ರಯೋಗಕ್ಕೆ ಅರ್ಥವಿರಲಿಲ್ಲ.

ನಕಲಿನ ನಂತರದ ಲೆಕ್ಕದಲ್ಲಿ, ಓದಲಾಗದ ಸೆಕ್ಟರ್‌ಗಳು ಬಿದ್ದಿದ್ದ ಮೊದಲ ಪಾರ್ಟಿಷನ್‌ನ ಒಂದು ಫೋಲ್ಡರ್ ಖಾಲಿಯಾಗಿ ಕಂಡಿತು. ಅದರಲ್ಲಿ ಫೋಟೋಗಳಿದ್ದವು. ಇಲ್ಲಿ ಫೋಟೋರೆಕ್‌ನ ಸರದಿ. ಹೆಸರು ಫೋಟೋ ಎಂದಿದ್ದರೂ ಅದು 480ಕ್ಕೂ ಹೆಚ್ಚು ಬಗೆಯ ಕಡತಗಳನ್ನು ಗುರುತಿಸುತ್ತದೆ. ಅದರ ವಿಧಾನ ಟೆಸ್ಟ್‌ಡಿಸ್ಕಿನದಕ್ಕೆ ಪೂರ್ತಿ ವಿರುದ್ಧ: ಪಾರ್ಟಿಷನ್ ಯಾವುದು, ಫೋಲ್ಡರ್ ಯಾವುದು, ಹೆಸರೇನು ಎಂಬ ಯಾವುದನ್ನೂ ಕೇಳದೆ, ಸೆಕ್ಟರ್‌ಗಳನ್ನು ಸಾಲಾಗಿ ಓದುತ್ತಾ, ಒಂದೊಂದು ಬಗೆಯ ಕಡತವೂ ತನ್ನ ಆರಂಭದಲ್ಲಿ ಹೊತ್ತಿರುವ ಸಹಿಯನ್ನು ಹುಡುಕುತ್ತದೆ. ಜೆಪೆಗ್ ಚಿತ್ರವೆಂದರೆ ಆರಂಭದಲ್ಲಿ ನಿಶ್ಚಿತವಾದ ಮೂರು ಬೈಟ್‌ಗಳು, ಜಿಪ್ ಎಂದರೆ 'ಪಿಕೆ' ಎಂಬ ಎರಡು ಅಕ್ಷರಗಳು. ಸಹಿ ಸಿಕ್ಕಲ್ಲಿಂದ ಕಡತವನ್ನು ಕೊರೆದು ತೆಗೆಯುತ್ತದೆ. ಓದುವುದನ್ನು ಬಿಟ್ಟು ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲವಾದ್ದರಿಂದ ಇದನ್ನು ಯಾರಾದರೂ ನಿರ್ಭಯವಾಗಿ ಬಳಸಬಹುದು, ಸಿಕ್ಕಿದ್ದನ್ನು ಉಳಿಸುವ ಜಾಗ ಅದೇ ಡಿಸ್ಕ್ ಆಗಿರಬಾರದು ಎಂಬ ಒಂದೇ ಷರತ್ತಿನ ಮೇಲೆ. ಕಪ್ಪು ಪರದೆಯನ್ನು ಇಷ್ಟಪಡದವರಿಗೆ ಕ್ಯೂಫೋಟೋರೆಕ್ ಎಂಬ, ಮೌಸ್ ಹಿಡಿದು ಬಳಸಬಹುದಾದ ರೂಪವೂ ಅದೇ ಜಿಪ್ ಕಡತದಲ್ಲಿದೆ. ಟೆಸ್ಟ್‌ಡಿಸ್ಕಿಗೆ ಇಂಥದೊಂದು ಮುಖ ಏಕಿಲ್ಲ ಎಂಬ ಪ್ರಶ್ನೆ ಇದನ್ನು ನೋಡಿದಾಗ ಹೆಚ್ಚಾಗಿ ಕಾಡುತ್ತದೆ.

ಸಮಯದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದಿದರೂ 1 ಟಿಬಿ ಮುಗಿಯಲು ಸುಮಾರು 2 ಗಂಟೆ 47 ನಿಮಿಷ ಬೇಕು. ನಿಜವಾದ ವೇಗ ಅಷ್ಟು ಇರುವುದು ಅಪರೂಪ. 'ಫೈಲ್ ಆಪ್ಟ್' ಎಂಬ ಆಯ್ಕೆಯಲ್ಲಿ ಎಲ್ಲ ಬಗೆಗಳನ್ನೂ ತೆಗೆದು ಬೇಕಾದ ಎರಡು ಮೂರು ಬಗೆಗಳನ್ನಷ್ಟೇ ಉಳಿಸಿಕೊಂಡರೆ ಓದುವ ಸಮಯ ಹೆಚ್ಚೇನೂ ತಗ್ಗದಿದ್ದರೂ ಫಲಿತಾಂಶದ ರಾಶಿ ತಗ್ಗುತ್ತದೆ. ಈ ಮಾತನ್ನು ನಾನು ಮೊದಲ ಸುತ್ತಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಪರಿಣಾಮವಾಗಿ 'ರೀಕಪ್ ಡಿರ್' ಎಂಬ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಸಂಖ್ಯೆ ಹೊತ್ತ ಹತ್ತಾರು ಫೋಲ್ಡರ್‌ಗಳಲ್ಲಿ, ಬ್ರೌಸರ್ ಎಂದೋ ಉಳಿಸಿಟ್ಟಿದ್ದ ಪುಟ್ಟ ಚಿತ್ರಗಳಿಂದ ಹಿಡಿದು ತಂತ್ರಾಂಶಗಳ ಒಳಗಿನ ಐಕಾನ್‌ಗಳವರೆಗೆ ಎಲ್ಲವೂ ಸುರಿದುಕೊಂಡವು. ಕಡತಗಳಿಗೆ ಹಳೆಯ ಹೆಸರಿರುವುದಿಲ್ಲ, 'ಎಫ್' ಅಕ್ಷರದ ಮುಂದೆ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಫೋಟೋಗಳಾದರೆ ಕ್ಯಾಮೆರಾ ಅವುಗಳ ಒಳಗೇ ಬರೆದಿಟ್ಟ ದಿನಾಂಕದಿಂದ ಮತ್ತೆ ಜೋಡಿಸಿಕೊಳ್ಳಬಹುದು. ದಸ್ತಾವೇಜುಗಳಾದರೆ ಒಂದೊಂದನ್ನೇ ತೆರೆದು ನೋಡಬೇಕು.

ತುಂಡಾಗಿ ಹರಡಿದ್ದ ಕಡತಗಳ ವಿಷಯದಲ್ಲಿ ಈ ವಿಧಾನ ಸೋಲುತ್ತದೆ. ಕಡತದ ಎರಡನೆಯ ಭಾಗ ಡಿಸ್ಕಿನ ಇನ್ನೊಂದು ಮೂಲೆಯಲ್ಲಿದ್ದರೆ ಅದು ಈ ಮೊದಲ ಭಾಗಕ್ಕೆ ಸೇರಿದ್ದೆಂದು ತಿಳಿಯುವ ಆಧಾರ ಸಹಿಯಲ್ಲಿಲ್ಲ. ನನಗೆ ಸಿಕ್ಕ ಫೋಟೋಗಳಲ್ಲಿ ಹೆಚ್ಚಿನವು ಪೂರ್ತಿಯಾಗಿದ್ದವು, ಕೆಲವು ಅರ್ಧದ ಕೆಳಗೆ ಬೂದು ಬಣ್ಣಕ್ಕೆ ತಿರುಗಿದ್ದವು. ದೊಡ್ಡ ವಿಡಿಯೋಗಳಲ್ಲಿ ತೆರೆದುಕೊಳ್ಳದವು ಹಲವಿದ್ದವು. ಆದ್ದರಿಂದಲೇ ಫೋಟೋರೆಕ್ ಅನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು. ಹೆಸರು, ಫೋಲ್ಡರ್, ದಿನಾಂಕಗಳ ಸಮೇತ ಕೊಡಬಲ್ಲ ಟೆಸ್ಟ್‌ಡಿಸ್ಕನ್ನು ಬಿಟ್ಟು, ಬಳಸಲು ಸುಲಭವೆಂಬ ಕಾರಣಕ್ಕೆ ಮೊದಲೇ ಇದರತ್ತ ಬಂದವರು ವಾರಗಟ್ಟಲೆ ಕಡತಗಳಿಗೆ ಹೆಸರಿಡುತ್ತಾ ಕೂರಬೇಕಾಗುತ್ತದೆ.

ಈ ಎರಡೂ ತಂತ್ರಾಂಶಗಳಿಂದ ಆಗದ ಕೆಲಸಗಳಿವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಸಕ್ರಿಯವಾಗಿದ್ದರೆ, ಫಾರ್ಮ್ಯಾಟ್ ಮಾಡಿದ ಅಥವಾ ಅಳಿಸಿದ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಓದಿದರೆ ಬರುವುದು ಸಾಮಾನ್ಯವಾಗಿ ಸೊನ್ನೆಗಳು. ಬಿಟ್‌ಲಾಕರ್‌ನಂತಹ ಗೂಢಲಿಪಿಯ ಪಾರ್ಟಿಷನ್‌ನ ಗಡಿ ಸಿಕ್ಕರೂ ಕೀಲಿ ಇಲ್ಲದೆ ಒಳಗಿನದು ಅರ್ಥವಾಗದು, ಕೆಲವು ಬಾಹ್ಯ ಡಿಸ್ಕುಗಳ ಪೆಟ್ಟಿಗೆಯೊಳಗಿನ ಚಿಪ್ ತಾನೇ ಗೂಢಲಿಪಿ ಮಾಡುವುದರಿಂದ ಡಿಸ್ಕನ್ನು ಪೆಟ್ಟಿಗೆಯಿಂದ ಬಿಚ್ಚಿ ನೇರವಾಗಿ ಜೋಡಿಸಿದವರಿಗೂ ಇದೇ ಗತಿ. ಪೆಟ್ಟಿಗೆಯ ಇನ್ನೊಂದು ಕುಚೋದ್ಯವಿದೆ: ಕೆಲವು ಪೆಟ್ಟಿಗೆಗಳು 512 ಬೈಟ್ ಸೆಕ್ಟರಿನ ಡಿಸ್ಕನ್ನು 4096 ಬೈಟ್ ಸೆಕ್ಟರಿನದೆಂದು ಕಂಪ್ಯೂಟರಿಗೆ ತೋರಿಸುತ್ತವೆ. ಅಂಥದರಿಂದ ಡಿಸ್ಕನ್ನು ಹೊರತೆಗೆದರೆ ಪಾರ್ಟಿಷನ್ ಪಟ್ಟಿಯ ಎಲ್ಲ ಸಂಖ್ಯೆಗಳೂ ಎಂಟು ಪಟ್ಟು ತಪ್ಪಿದಂತೆ ಕಾಣುತ್ತವೆ, ಕೆಟ್ಟಿರುವುದು ಮಾತ್ರ ಏನೂ ಇಲ್ಲ. ಇನ್ನು ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಮಾಡುವ ಡಿಸ್ಕಿಗೆ ಯಾವ ತಂತ್ರಾಂಶವೂ ಮದ್ದಲ್ಲ. ಅದನ್ನು ಆಫ್ ಮಾಡಿ, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಹೆಡ್ ಬದಲಿಸಬಲ್ಲವರಿಗೆ ಒಪ್ಪಿಸಬೇಕು.

ಬದಲಿ ತಂತ್ರಾಂಶಗಳ ಬಗ್ಗೆ ಸ್ವಲ್ಪದರಲ್ಲಿ ಹೇಳುವುದಾದರೆ, ಮೈಕ್ರೋಸಾಫ್ಟ್ 2020ರಲ್ಲಿ ತಂದ ವಿಂಡೋಸ್ ಫೈಲ್ ರಿಕವರಿ ಅಳಿಸಿದ ಕಡತಗಳಿಗೆ ಉಪಯೋಗಕ್ಕೆ ಬಂದೀತಾದರೂ ಪಾರ್ಟಿಷನ್ ಪಟ್ಟಿಯನ್ನು ಸರಿಪಡಿಸುವ ಸಾಧನವಲ್ಲ, ಅದಕ್ಕೂ ಆದೇಶಗಳನ್ನು ಬೆರಳಚ್ಚು ಮಾಡಲೇಬೇಕು. ಆರ್‌ಸ್ಟುಡಿಯೊದಂತಹ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಕೆಟ್ಟ ಕಡತಪಟ್ಟಿಯಿಂದ ಫೋಲ್ಡರ್‌ಗಳ ಮರವನ್ನು ಸ್ಮೃತಿಯಲ್ಲೇ ಕಟ್ಟಿ ತೋರಿಸುವುದರಲ್ಲಿ ಟೆಸ್ಟ್‌ಡಿಸ್ಕಿಗಿಂತ ಮುಂದಿವೆ. ಎಂಎಫ್‌ಟಿಯೇ ಅಲ್ಲಲ್ಲಿ ಕೆಟ್ಟಿರುವಾಗ ಟೆಸ್ಟ್‌ಡಿಸ್ಕ್ ಕೈಚೆಲ್ಲುವ ಕಡೆಯಲ್ಲೇ ಇವುಗಳ ಕೆಲಸ ಶುರುವಾಗುತ್ತದೆ. ಡಿಎಂಡಿಇ ಎಂಬುದರ ಉಚಿತ ಆವೃತ್ತಿ ಒಂದು ಬಾರಿಗೆ ಒಂದು ಫೋಲ್ಡರಿನಿಂದ 4,000 ಕಡತಗಳವರೆಗೆ ಹೊರತೆಗೆಯಲು ಬಿಡುತ್ತದೆ, ಸಣ್ಣ ಕೆಲಸಕ್ಕೆ ಅಷ್ಟೇ ಸಾಕಾಗಬಹುದು. ಆದರೆ ಗಡಿ ಕಳೆದುಹೋಗಿ ಒಳಗು ಸರಿಯಿರುವ ಪಾರ್ಟಿಷನ್, ಬೂಟ್ ಸೆಕ್ಟರ್ ಮಾತ್ರ ಕೆಟ್ಟ ಪಾರ್ಟಿಷನ್, ಈ ಎರಡು ಸನ್ನಿವೇಶಗಳಿಗೆ ಹಣ ಖರ್ಚು ಮಾಡುವ ಅಗತ್ಯವೇ ಇಲ್ಲವೆಂದು ನನ್ನ ಡಿಸ್ಕಿನ ಅನುಭವದಿಂದ ಹೇಳಬಲ್ಲೆ. ಟೆಸ್ಟ್‌ಡಿಸ್ಕಿಗೆ ಸಾಮರ್ಥ್ಯದ ದೃಷ್ಟಿಯಿಂದ ಐದರಲ್ಲಿ ನಾಲ್ಕೂವರೆ, ಮೆನುವಿನ ವಿನ್ಯಾಸಕ್ಕೆ ಎರಡು. ಫೋಟೋರೆಕ್‌ಗೆ ಒಟ್ಟಾರೆ ನಾಲ್ಕು ಅಂಕ ಕೊಡುತ್ತೇನೆ.

ಕಡತಗಳು ಹೊಸ ಡಿಸ್ಕಿಗೆ ಸೇರಿದ ನಂತರ ಅದನ್ನೂ ಒಮ್ಮೆ ಟೆಸ್ಟ್‌ಡಿಸ್ಕಿನಲ್ಲಿ ತೆರೆದೆ. 'ಅನಲೈಸ್' ಒತ್ತಿದಾಗ 'ಕ್ವಿಕ್ ಸರ್ಚ್' ಪಕ್ಕದಲ್ಲೇ 'ಬ್ಯಾಕಪ್' ಎಂಬ ಆಯ್ಕೆಯಿದೆ. ಹೆಚ್ಚಿನವರು ಅದನ್ನು ಗಮನಿಸದೆ ದಾಟಿಹೋಗುತ್ತಾರೆ. ಈಗಿರುವ ಪಾರ್ಟಿಷನ್ ಪಟ್ಟಿಯನ್ನು ಅದು ಕೆಲವೇ ಸಾಲುಗಳ ಒಂದು ಪಠ್ಯ ಕಡತವಾಗಿ ಬರೆದಿಡುತ್ತದೆ, ಮುಂದೆ ಪಟ್ಟಿ ಅಳಿಸಿಹೋದರೆ ಶೋಧವೇ ಇಲ್ಲದೆ 'ಎಲ್' ಕೀಲಿಯನ್ನು ಒತ್ತಿ ಆ ಕಡತದಿಂದ ಗಡಿಗಳನ್ನು ಮರಳಿ ತುಂಬಿಸಿಕೊಳ್ಳಬಹುದು. ಆ ಪುಟ್ಟ ಕಡತ ಈಗ ನನ್ನ ಪೆನ್ ಡ್ರೈವಿನಲ್ಲಿದೆ. ಅದರ ಅಚ್ಚಾದ ಪ್ರತಿಯೊಂದನ್ನು ಡಿಸ್ಕಿನ ಡಬ್ಬಿಯೊಳಗೆ ಮಡಚಿ ಇಟ್ಟಿದ್ದೇನೆ.